ನಿಧಾನಕ್ಕೆ ಓಡಿದರೆ ಜಾಸ್ತಿ ಮಾರ್ಕ್ಸು

ಸ್ನೇಹಿತರೇ, ಪಿ.ಟಿ. ಟೀಚರ್ ಆದವಳು ಮಲ್ಲೇಶ್ವರದ ಮಕ್ಕಳ ಮುಂದೆ ಜಾಣತನ ತೋರಿಸಲು ಹೋಗಬಾರದು.

ಇವತ್ತು ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಹೇಳಿದೆ: "ಈ ಸಲ ಯಾರು ಫಸ್ಟ್ ಬಂದ್ರಿ ಅಂತ ನೋಡಲ್ಲ. ಇವತ್ತಿನ ಟೈಮ್ ಬರ್ಕೋತೀನಿ. ಮುಂದಿನ ತಿಂಗಳು ಅದಕ್ಕಿಂತ ಎಷ್ಟು ಬೇಗ ಓಡ್ತೀರೋ ಅದಕ್ಕೇ ಮಾರ್ಕ್ಸ್." ನಿಧಾನಕ್ಕೆ ಓಡುವವರಿಗೂ ಹುಮ್ಮಸ್ಸು ಬರಲಿ ಎಂಬ ಆಸೆ ನನ್ನದು.

ವಿಷಲ್ ಊದಿದೆ. ಇಡೀ ಕ್ಲಾಸು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಅಜ್ಜಿಯರ ಹಾಗೆ ಹೊರಟಿತು. ಜಿಲ್ಲಾ ಮಟ್ಟದಲ್ಲಿ ಓಡುವ ಮೇಘನಾ ಅರ್ಧದಲ್ಲಿ ನಿಂತು ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಏನೇ ಇದು ನಾಟಕ?" ಎಂದು ಗದರಿದೆ.

"ಇವತ್ತೇ ಜೋರಾಗಿ ಓಡ್ಬಿಟ್ರೆ ಮುಂದಿನ ತಿಂಗಳು ಇಂಪ್ರೂವ್‌ಮೆಂಟ್ ಎಲ್ಲಿಂದ ತರ್ಲಿ ಮಿಸ್?"

ಈ ಲೆಕ್ಕಾಚಾರ ತಲೆಗೆ ಹೋಗದಿದ್ದುದು ಪವಿತ್ರಾಗೆ ಮಾತ್ರ. ಪ್ರತಿ ಸಲ ಕೊನೆಗೆ ಬರುವ ಹುಡುಗಿ. ಬಿದ್ದೆನೋ ಕೆಟ್ಟೆನೋ ಎಂದು ಓಡಿ ಎಲ್ಲರಿಗಿಂತ ಮೊದಲು ಗೆರೆ ಮುಟ್ಟಿದಳು. ಏದುಸಿರು ಬಿಡುತ್ತಾ ಹಿಂದಕ್ಕೆ ತಿರುಗಿ, ಅವರೆಲ್ಲ ದಿನಾ ತನಗೆ ಕೂಗುವುದನ್ನೇ ಕೂಗಿದಳು: "ಬೇಗ ಬನ್ರೇ, ಬೆಲ್ ಆಗೋಗತ್ತೆ!"

ಎಲ್ಲರನ್ನೂ ಮತ್ತೆ ಓಡಿಸಬೇಕೆಂದು ವಿಷಲ್ ಬಾಯಿಗಿಟ್ಟಿದ್ದೆ. ಮೇಘನಾ ಹತ್ತಿರ ಬಂದು ಮೆಲ್ಲಗೆ, "ನಾವು ಬೇಕಂತ್ಲೇ ನಿಧಾನಕ್ಕೆ ಓಡಿದ್ದು ಅವಳಿಗೆ ಹೇಳ್ಬೇಡಿ ಮಿಸ್" ಎಂದಳು. ವಿಷಲ್ ಕೆಳಗಿಳಿಸಿದೆ.

ಸಂಜೆ ಗೇಟಿನ ಹತ್ತಿರ ಪವಿತ್ರಾ ಕೇಳಿದಳು: "ನಾಳೆನೂ ಓಡಿಸ್ತೀರಾ ಮಿಸ್?"

ನನ್ನ ಸರ್ವೀಸಿನಲ್ಲಿ ಥ್ರೋಬಾಲ್ ಬೇಕೆಂದವರುಂಟು, ಓಟ ಬೇಕೆಂದವಳು ಇವಳೇ ಮೊದಲು. ಉಳಿದ ಕಳ್ಳಿಯರೆಲ್ಲ ಸೇರಿ ನನ್ನ ಸ್ಕೀಮನ್ನು ಫೇಲ್ ಮಾಡಿದ್ದರು. ಇವಳೊಬ್ಬಳು ಗ್ರೇಸ್ ಮಾರ್ಕ್ಸ್ ಹಾಕಿ ಪಾಸು ಮಾಡಿಸಿದಳು.