ಕೈಕುಲುಕಿ ಪಡೆದ ದಾರಿ

ನನ್ನ ಅಕ್ಷರ ಕಾಗೆ ಕಾಲಿನಂತಿದೆ, ಮಾತುಗಳೂ ಸಾಲವು, ಓದುವವರು ಕ್ಷಮಿಸಬೇಕು. ಶಾಲೆಯನ್ನು ನಡುವೆಯೇ ಬಿಟ್ಟವಳು ನಾನು. ಆದರೆ ನಮ್ಮೂರಿನ ಅಲ್ಡೆನ್ ಪೆಲ್ಕಿಯವರ ವಿಷಯದಲ್ಲಿ ಒಂದು ಮಾತೂ ತಪ್ಪಾಗಬಾರದೆಂದು ಎಲ್ಲವನ್ನೂ ಎರಡೆರಡು ಸಲ ಕೇಳಿ ಬರೆದಿದ್ದೇನೆ.

ಅಮೆರಿಕದ ಮೇನ್ ರಾಜ್ಯದ ಉತ್ತರ ತುದಿಯಲ್ಲಿ, ಆಲೂಗಡ್ಡೆ ಹೊಲಗಳ ನಡುವೆ, ಜನ ಮೋಜಿಗೆ ಓಡಿಸುವ ನಾಲ್ಕು ಚಕ್ರದ ಕಾಡುಗಾಡಿಗಳ ದಾರಿಯನ್ನು ಅಲ್ಡೆನ್ ಇಪ್ಪತ್ತೆರಡು ವರ್ಷ ನೋಡಿಕೊಂಡರು. ಬಿದ್ದ ಮರ ಕೊಯ್ಯುವುದು, ಕೊರಕಲಿಗೆ ಜಲ್ಲಿ ತುಂಬುವುದು, ಬಾಣದ ಗುರುತಿನ ಹಲಗೆ ಹೊಡೆಯುವುದು, ಎಲ್ಲವೂ ಬಿಟ್ಟಿ ದುಡಿಮೆ. ದಾರಿ ಹಾಯುವುದು ಕಂಡವರ ಹೊಲಗಳಲ್ಲಿ. ಕಾಗದ ಬರೆಸಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಕೊಯ್ಲು ಮುಗಿದ ಮೇಲೆ ಗಾಡಿ ಓಡಿಸುವವರ ಕ್ಲಬ್ಬಿನವರು ಜಮೀನಿನವರನ್ನು ಊಟಕ್ಕೆ ಕರೆದು, ತಾವೇ ಬಡಿಸಿ, ಕೊನೆಗೆ ಕೈಕುಲುಕುತ್ತಾರೆ. ಮುಂದಿನ ವರ್ಷಕ್ಕೂ ಒಪ್ಪಿಗೆ ಸಿಕ್ಕಿತೆಂದೇ ಅರ್ಥ.

ಹೋದ ವರ್ಷ ಹಿಮ ಕರಗುವಾಗ ಕೋರಾ ಮಿಶೋ ಎಂಬ ವಿಧವೆಯ ಹೊಲದಂಚಿನ ಮೋರಿ ಕೊಚ್ಚಿಹೋಯಿತು. ಗಾಡಿಗಳ ಓಡಾಟದಿಂದ ಮೊದಲೇ ಅದು ಸಡಿಲವಾಗಿತ್ತು.

“ದಾರಿ ಮುಚ್ಬಿಡ್ತೀನಿ ಅಲ್ಡೆನ್. ನಿಮ್ಮ ಮಜಕ್ಕೆ ನನ್ನ ಹೊಲ ಕೆರೆ ಆಗ್ಬೇಕಾ?” ಎಂದರು ಕೋರಾ.

“ಸ್ವಲ್ಪ ತಡ್ಕೊ ಕೋರಾ. ಗಾಡಿ ನೋಂದಣಿ ಫೀಸು ಏರಿಸೋ ಮಸೂದೆ ಬರ್ತಿದೆ. ಆ ದುಡ್ಡು ದಾರಿ ರಿಪೇರಿಗೇ. ಮೊದಲು ನಿನ್ನ ಮೋರಿ. ಇದು ನನ್ನ ಮಾತು.”

ಅಲ್ಡೆನ್‌ಗೆ ಹಾಗೆಂದು ಹೇಳಿದ್ದವನು ಕ್ಲಬ್ಬಿನ ಅಧ್ಯಕ್ಷ ರೇನಾಲ್ಡ್ ಸೀರ್, ಅವರ ಬಾಲ್ಯದ ಗೆಳೆಯ. ಚಳಿಗಾಲದಲ್ಲಿ ಅವನೇ ಅಲ್ಡೆನ್‌ಗೆ ಟೈ ಕಟ್ಟಿಸಿ ರಾಜಧಾನಿಗೆ ಕರೆದೊಯ್ದ. ಮಸೂದೆ ಪರಿಶೀಲಿಸುವ ಶಾಸಕರ ಸಮಿತಿಯ ಮುಂದೆ ಅಲ್ಡೆನ್, “ನಮ್ಮ ಜಮೀನಿನವರೆಲ್ಲ ಇದಕ್ಕೆ ಒಪ್ಪಿದ್ದಾರೆ” ಎಂದರು. ಮೆಟ್ಟಿಲಿಳಿಯುವಾಗ ರೇನಾಲ್ಡ್ ಬೆನ್ನು ತಟ್ಟಿದ.

ಈ ವರ್ಷದ ಊಟದಲ್ಲಿ ಅವನು ಎದ್ದು ನಿಂತು ಮಸೂದೆ ಕಾನೂನಾಯಿತೆಂದು ಸಾರಿದ. ಎಲ್ಲರೂ ಚಪ್ಪಾಳೆ ಹೊಡೆದರು. ಬೇಯಿಸಿದ ಹುರುಳಿಕಾಯಿ ಬೀಜದ ಪಾತ್ರೆ ಹಿಡಿದು ಬಡಿಸುತ್ತಿದ್ದ ಅಲ್ಡೆನ್ ಕೇಳಿದರು: “ಕೋರಾಳ ಮೋರಿ ಕೆಲಸ ಯಾವಾಗ ಶುರು?”

“ಅದೂ... ಕೊನೇ ವಾರ ಒಂದು ತಿದ್ದುಪಡಿ ಆಯ್ತು. ಜಮೀನಿನವರು ಹತ್ತು ವರ್ಷಕ್ಕೆ ಬರೆದುಕೊಟ್ಟ ಒಪ್ಪಿಗೆ ಇರೋ ದಾರಿಗೆ ಮಾತ್ರ ದುಡ್ಡು.”

“ನಿಂಗೆ ಗೊತ್ತಿತ್ತಾ?”

“ನಾನೇ ಹೂಂ ಅಂದೆ ಕಣಯ್ಯಾ. ಇಲ್ದಿದ್ರೆ ಮಸೂದೆನೇ ಬಿದ್ಹೋಗ್ತಿತ್ತು.”

“ಕಾಗದ ಇರೋದು ಯಾರ ದಾರಿಗೆ?”

ಅದೇ ಮೇಜಿನಲ್ಲಿ ಊಟಕ್ಕೆ ಕೂತಿದ್ದ ಕೋರಾ ತಟ್ಟೆ ದೂಡಿದರು. “ಇನ್ಯಾರದ್ದು? ಈ ರೇನಾಲ್ಡ್‌ದೇ. ಪ್ರವಾಸಿಗರಿಗೆ ಡೇರೆ ಬಾಡಿಗೆಗೆ ಕೊಡ್ತಾನಲ್ಲ, ಆ ಜಾಗಕ್ಕೆ ಹೋಗೋದು. ನೀನೇನು ಕಮ್ಮಿ ಅಲ್ಡೆನ್? ಟೈ ಕಟ್ಕೊಂಡು ಹೋಗಿ ನನ್ನ ಹೆಸರು ಮಾರ್ಕೊಂಡು ಬಂದೆ!”

ಪಾತ್ರೆ ಕೆಳಗಿಟ್ಟು ಕೈಕುಲುಕಲು ಅಲ್ಡೆನ್ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಆಕೆ ಕೋಟು ತೊಟ್ಟು ನಡೆದುಬಿಟ್ಟರು. ಗೆಳೆಯ ಕೆಡಿಸಿದ್ದು ಮೋರಿಯ ಕೆಲಸವನ್ನಷ್ಟೇ ಅಲ್ಲ, ತಾವು ಕೊಟ್ಟ ಮಾತನ್ನೂ ಎಂದು ಅಲ್ಡೆನ್‌ಗೆ ಅನ್ನಿಸಿತು. ಅಂದಿನಿಂದ ಅವರು ರೇನಾಲ್ಡ್‌ನ ಮುಖ ನೋಡಿಲ್ಲ.

ಮರುದಿನ ಬೆಳಿಗ್ಗೆ ಕೋರಾ ಗೇಟಿನಾಚೆಯಿಂದಲೇ ಹೇಳಿದರು: “ನಿನ್ನ ಹಲಗೆಗಳನ್ನ ಕಿತ್ಕೊಂಡು ಹೋಗು.”

“ಕೀಳ್ತೀನಿ. ಮೋರಿನೂ ಕಟ್ಕೊಡ್ತೀನಿ.”

“ಕಟ್ಟಿದ್ರೂ ದಾರಿ ಕೊಡಲ್ಲ.”

“ನಾನು ಕೇಳ್ತಾನೂ ಇಲ್ಲ.”

ಅರವತ್ತೇಳರ ಅಲ್ಡೆನ್ ಈಗ ಒಬ್ಬರೇ ಆ ಹೊಲದಂಚಿನಲ್ಲಿ ಅಗೆಯುತ್ತಿದ್ದಾರೆ. ಕ್ಲಬ್ಬಿನಿಂದ ಒಬ್ಬರೂ ಬಂದಿಲ್ಲ. ಇನ್ನು ಮೂರು ವಾರದಲ್ಲಿ ನೆಲ ಹೆಪ್ಪುಗಟ್ಟುತ್ತದೆ. ಶನಿವಾರ ಬೆಳಿಗ್ಗೆ ನಾನು ಸಲಿಕೆ ತೆಗೆದುಕೊಂಡು ಅಲ್ಲಿಗೆ ಹೋಗುತ್ತೇನೆ.