ಗೋಡೆಯ ಕೊಂಡಿ

ಕುಷ್ಟಗಿಯ ಹೊರಗಿನ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿಸಿದಾಗ ಸುತ್ತಲೂ ಬರೀ ಖಾಲಿ ಸೈಟುಗಳು. ನಾನು ಪಾಠ ಹೇಳಲು ಶಾಲೆಗೆ, ನಮ್ಮ ಮನೆಯವರು ಗೊಬ್ಬರದ ಅಂಗಡಿಗೆ ಹೋದರೆ ಸಂಜೆತನಕ ಮನೆಗೆ ಬೀಗ. ಕಾವಲಿಗೆಂದು ಅವರು ಒಂದು ಕರಿ ನಾಯಿ ತಂದು, ಎಮ್ಮೆ ಕಟ್ಟುವ ಸರಪಳಿಯಿಂದ ಗೇಟಿನ ಪಕ್ಕದ ಗೋಡೆಯ ಕೊಂಡಿಗೆ ಬಿಗಿದರು. ಎರಡು ಹೆಜ್ಜೆಗೆ ಸರಪಳಿ ಮುಗಿಯುತ್ತಿತ್ತು.

ಮೊದಮೊದಲು ಅದು ಎಲ್ಲರಿಗೂ ಬಾಲ ಆಡಿಸಿತು. ಬೇಸಿಗೆ ಬಂದ ಮೇಲೆ ಬೊಗಳುವುದನ್ನೇ ಬಿಟ್ಟಿತು. ಯಾರು ಬಂದರೂ ಎದ್ದು ನಿಂತು ಸುಮ್ಮನೆ ನೋಡುತ್ತಿತ್ತು. ಆ ನೋಟಕ್ಕೆ ನನಗೆ ಹೆದರಿಕೆಯಾಗತೊಡಗಿತು.

ಚುಚ್ಚುಮದ್ದು ಹಾಕಲು ಬಂದ ದನದ ಡಾಕ್ಟರು ಅದರ ಕೊರಳಿನ ಗಾಯ ನೋಡಿದರು.

"ಹಗಲೂ ರಾತ್ರಿ ಹಿಂಗ ಗಿಡ್ಡ ಸರಪಳಿಯಾಗ ಕಟ್ಟೋದು ಕಾಯ್ದೆ ಪ್ರಕಾರ ಗುನ್ಹೆ ಐತ್ರಿ. ದಿನಾ ಬಿಚ್ಚಿ ಅಡ್ಡಾಡಿಸಬೇಕು. ನಾಳೆ ಕಿತ್ಕೊಂಡು ಯಾರಿಗರೆ ಕಚ್ಚಿದ್ರ ಅದಕ್ಕೂ ನೀವ ಜವಾಬ್ದಾರಿ."

ನಮ್ಮ ಮನೆಯವರು ನಕ್ಕರು. "ನಾಯಿ ಕಟ್ಟಾಕೂ ಕಾಯ್ದೆ ಐತೇನ್ರಿ? ಬಿಟ್ರ ಕಚ್ತೈತಿ, ಕಟ್ಟಿದ್ರ ಗುನ್ಹೆ. ಏನ್ ಮಾಡೂಣು?"

"ಕಂಪೌಂಡ್ ಐತಲ್ರಿ. ಗೇಟ್ ಭದ್ರ ಮಾಡಿ ಒಳಗ ಬಿಡ್ರಿ."

ಗೇಟಿನ ಚಿಲಕ ಮುರಿದಿತ್ತು. ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ದಿನ ಹೋದವು. ಕೊಂಡಿಯ ಕೆಳಗೆ ದಿನಾ ಬೆಳಗ್ಗೆ ಒಂದಿಷ್ಟು ಗೋಡೆಯ ಸಿಮೆಂಟ್ ಗಿಲಾವಿನ ಪುಡಿ ಉದುರಿರುತ್ತಿತ್ತು. ನೋಡಿಯೂ ನಾನು ಗುಡಿಸಿ ಹಾಕುತ್ತಿದ್ದೆ.

ಒಂದು ಭಾನುವಾರ ಹಾಲು ಹಾಕುವ ಹೆಣ್ಣುಮಗಳು ಗೇಟು ತಳ್ಳಿ "ಅಕ್ಕೋರ, ಹಾಲು" ಎಂದಳು. ಹಿಂದೆಯೇ ಕ್ಯಾನು ಬಿದ್ದ ಸದ್ದು. ಹೊರಗೆ ಓಡಿದೆ. ಕೊಂಡಿ ಕಿತ್ತುಬಂದಿತ್ತು, ನಾಯಿ ಅವಳ ಬಲ ಮುಂಗೈ ಹಿಡಿದಿತ್ತು, ಸದ್ದಿಲ್ಲದೆ. ಸರಪಳಿ ಜಗ್ಗಿದೆ, ನನ್ನಿಂದಾಗಲಿಲ್ಲ. ನಮ್ಮ ಮನೆಯವರು ಬಂದು ಬಿಡಿಸುವಷ್ಟರಲ್ಲಿ ಅಂಗಳದಲ್ಲಿ ಚೆಲ್ಲಿದ ಹಾಲಿನಲ್ಲಿ ರಕ್ತ ಬೆರೆತಿತ್ತು.

ಆಸ್ಪತ್ರೆಗೆ ಬಂದ ಪೊಲೀಸರು ಫಿರ್ಯಾದಿ ಕೊಡುತ್ತೀಯಾ ಎಂದು ಕೇಳಿದರು. ಅವಳು ಬೇಡವೆಂದಳು. ಆಮೇಲೆ ನನ್ನ ಕಡೆ ತಿರುಗಿ, "ಅದು ಮೂಕ ಪ್ರಾಣಿ, ಅದಕ್ಕೇನ್ ತಿಳಿತೈತ್ರಿ. ನಿಮಗ ಗೊತ್ತಿತ್ತಲ್ರಿ ಅಕ್ಕೋರ?" ಎಂದಳು.

ಅಂದೇ ಚಿಲಕ ಹಾಕಿಸಿದೆವು. ನಾಯಿ ಈಗ ಕಂಪೌಂಡಿನೊಳಗೆ ಬಿಟ್ಟೇ ಇರುತ್ತದೆ, ಸಂಜೆ ನಾನೇ ಅಡ್ಡಾಡಿಸುತ್ತೇನೆ. ಮತ್ತೆ ಯಾರನ್ನೂ ಕಚ್ಚಿಲ್ಲ. ಆದರೆ ಅವಳ ಎರಡು ಬೆರಳು ಇನ್ನೂ ಮಡಚುವುದಿಲ್ಲ. ಹೊರಗಿನಿಂದ ಯಾರಾದರೂ ಗೇಟಿನ ಮೇಲೆ ಕೈಯಿಟ್ಟರೆ ಸಾಕು, ಒಳಗಿದ್ದವಳು "ತಡೀರಿ!" ಎಂದು ಕೂಗುತ್ತಲೇ ಓಡುತ್ತೇನೆ.