ಹರಿಯಬ್ಬೆಯ ಕಲ್ಲು ಪರದೆಗೆ ಬಂದ ದಿನ

ಹರಿಯಬ್ಬೆಯ ಹೊಲವೊಂದರಲ್ಲಿದ್ದ ಶಾಸನದ ಕಲ್ಲನ್ನು ಒಡೆಯಿಸಲು ಅದರ ಯಜಮಾನರು ನಿಶ್ಚಯಿಸಿದ್ದರು. ಅಕ್ಷರಗಳನ್ನು ತೋರಿಸಿ ಅವರ ಮನವೊಲಿಸೋಣವೆಂದು ಹೊರಟರೆ, ನನ್ನ ಲ್ಯಾಪ್‌ಟಾಪು ನಾನು ಹಿಂದೆ ತೆಗೆದಿದ್ದ ಕಲ್ಲಿನ ಚಿತ್ರಗಳನ್ನೆಲ್ಲ ಮಸುಕಾಗಿಸಿತು. ಹಿರಿಯೂರಿನ ಕಂಪ್ಯೂಟರ್ ಅಂಗಡಿಯಾಕೆ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರನ್ನು ಹೊಸದಾಗಿ ಹಾಕುತ್ತಿದ್ದಂತೆ ಪರದೆ ಪೂರ್ತಿ ಕಪ್ಪಾಯಿತು. ದೀಪವಾರಿದೊಡನೆ ಓಲೆಗರಿಯನ್ನು ಕಟ್ಟಿಡುವ ಹಳೆಯ ಅಭ್ಯಾಸದಿಂದ ನಾನು ಮುಚ್ಚಳಕ್ಕೆ ಕೈಯಿಟ್ಟೆ.

“ಮುಚ್ಚಬ್ಯಾಡ್ರಿ ಸ್ವಾಮಿ, ಅದಿನ್ನೂ ಸತ್ತಿಲ್ಲ. ಸುಮ್ನೆ ಕುಂತ್ಕಳ್ರಿ” ಎಂದಳಾಕೆ.

ತುಸು ಹೊತ್ತಿನಲ್ಲಿ ಪರದೆ ಬೆಳಗಿತು. ಅಕ್ಷರಗಳು ನಿನ್ನೆ ಕೆತ್ತಿದಂತೆ ಕಂಡವು.

ಸಂಜೆ ಯಜಮಾನರ ಮನೆಯ ಜಗಲಿಯಲ್ಲಿ ನಾನು ಶಾಸನದಲ್ಲಿದ್ದ ದಾನದ ವಿವರವನ್ನು ಓದುತ್ತಿರಲು ಅವರು ಪರದೆಗೆ ಬಗ್ಗಿದರು.

“ಕಲ್ಲಿನ ಹಿಂದೆ ನಿಂತಿರೋದು ನಮ್ಮ ಕರೇ ಮೇಕೆ ಅಲ್ಲೇನ್ರಿ? ಹೋದ ತಿಂಗಳು ತೀರ್ಕಂತು, ಪಾಪ. ದಿನಾ ಆ ಕಲ್ಲಿನ ನೆಳ್ಳಾಗೇ ನಿಂತಿರ್ತಿತ್ತು. ಆ ಕಲ್ಲು ಅಲ್ಲೇ ಇರ್ಲಿ ಬಿಡ್ರಿ.”

ದಾನ ಕೊಟ್ಟ ಅರಸನ ಹೆಸರನ್ನು ಅಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳುವ ಸಾಹಸ ಮಾಡಲಿಲ್ಲ.